ಚೂರಿ ಮುಟ್ಟದ ಮರಿ

ಊರಿಗೆಲ್ಲ ಒಂದೋ ಎರಡೋ ಮೊಬೈಲ್ ಇದ್ದ ಕಾಲ ಅದು. ಚಿಗಟೇರಿಯ ಆಚೆಗಿನ ನಮ್ಮ ಸಣ್ಣ ಊರಲ್ಲಿ ಮನೆಯೆಂದರೆ ಮುಂದೆ ಮನುಷ್ಯರು, ಹಿಂದೆ ಕುರಿಗಳು. ಪಡಸಾಲೆಗೂ ಕುರಿರೊಪ್ಪಕ್ಕೂ ನಡುವೆ ಮೊಳಕಾಲೆತ್ತರದ ಗೋಡೆಯೊಂದೇ ಅಡ್ಡ. ಉಣ್ಣೆ, ಹಿಕ್ಕೆ, ಒದ್ದೆ ಕಂಬಳಿ ಇವೆಲ್ಲಕ್ಕೂ ವಾಸನೆ ಇದೆಯೆಂದು ನನಗೆ ಗೊತ್ತಾದದ್ದೇ ಶಾಲೆಯಲ್ಲಿ ಟೀಚರ್ ಮೂಗು ಮುಚ್ಚಿಕೊಂಡಾಗ. ಕುರಿಯವರ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರು ಬೇಕಾದರೆ ಮೂಗು ಮುಚ್ಚಿಕೊಂಡೇ ಓದಲಿ, ನನಗೇನೂ ಬೇಜಾರಿಲ್ಲ.

ಆಗ ನನಗೆ ಹತ್ತು ವರ್ಷ. ಶಾಲೆಯ ಹಾಜರಿಯಲ್ಲಿ ನಿಂಗಮ್ಮ, ಅವ್ವನಿಗೆ ನಿಂಗಿ, ಅಜ್ಜನಿಗೆ ಮಾತ್ರ ‘ಕೂಸು’. ಹುಡುಗಿಯರ ಜೊತೆ ಹರಳಾಟ, ಹುಡುಗರ ಜೊತೆ ಚಿಣ್ಣಿದಾಂಡು. ಎರಡು ಕಡೆಯೂ ನಾನು ಸೋತದ್ದು ಕಡಿಮೆ. ಲಂಗ ಮೇಲೆ ಕಟ್ಟಿ ಓಡಿದರೆ ಯಾವ ಭಾಡ್ಯಾನ ಕೈಗೂ ಸಿಗುತ್ತಿರಲಿಲ್ಲ.

ದೀಪಾವಳಿ ಕಳೆದು ಜೋಳ ಎದೆಯೆತ್ತರ ಬರುವ ಹೊತ್ತಿಗೆ ರೊಪ್ಪದ ತುಂಬ ಮರಿಗಳು. ಹೊಸದಾಗಿ ಈದ ಕುರಿಯ ಹಾಲಿಗೆ ಬೆಲ್ಲ ಹಾಕಿ ಅವ್ವ ಗಿಣ್ಣ ಕಾಸುತ್ತಿದ್ದಳು. ತಳ ಹತ್ತಿದ ಕಂದು ಹಕ್ಕಳೆಗಾಗಿ ನಾನು ಪಾತ್ರೆಗೇ ತಲೆ ಹಾಕುತ್ತಿದ್ದೆ. ಮರಿಗಳಿಗೆ ತಿಂಗಳಾದ ಮೇಲೆ ಒಂದು ಭಾನುವಾರ ಕಿವಿಗುರುತು. ನಮ್ಮ ಮನೆಯ ಪದ್ಧತಿಯಲ್ಲಿ ಗಂಡಾದರೆ ಬಲಗಿವಿಯ ತುದಿ, ಹೆಣ್ಣಾದರೆ ಎಡಗಿವಿಯ ತುದಿ. ನಾಲ್ಕು ಮನೆಯ ಮಂದೆ ಒಂದೇ ನೀರಿಗೆ ಬಂದಾಗ ನಮ್ಮದು ಯಾವುದು, ಟಗರು ಯಾವುದು ಎಂದು ದೂರದಿಂದಲೇ ತಿಳಿಯಬೇಕಲ್ಲ. ಚೂರಿ ಅಜ್ಜನದು. ಕತ್ತರಿಸಿದ ಕಡೆ ಅರಿಶಿಣ, ಬೂದಿ ಒತ್ತುವುದು ಅವ್ವನ ಪಾಲು. ಮರಿಯನ್ನು ಹಿಡಿದು, ಮಗುಚಿ ನೋಡಿ, ಯಾವುದೆಂದು ಕೂಗುವ ಕೆಲಸ ನನ್ನದು. ‘ಟಗರೂ!’ ಎಂದು ನಾನು ಕೂಗಿದರೆ ಚೂರಿ ಬಲಕ್ಕೆ, ‘ಹೆಣ್ಣೂ!’ ಎಂದರೆ ಎಡಕ್ಕೆ. ಅಷ್ಟು ದೊಡ್ಡ ಅಧಿಕಾರ ಊರ ಗೌಡನಿಗೂ ಇರಲಿಲ್ಲ ಎಂಬ ಗರ್ವ ನನಗೆ.

ಆ ವರ್ಷ ಒಂದು ಕರಿ ಮರಿ ಬಂತು, ಹಣೆಯ ಮೇಲೆ ಬಿಳಿ ಚುಕ್ಕೆ. ಮಗುಚಿ ನೋಡಿದೆ. ಮತ್ತೊಮ್ಮೆ ನೋಡಿದೆ. ಕೂಗಲಿಲ್ಲ.

“ಯಾಕ ಕೂಸ, ಬಾಯಿಗೆ ಬೀಗ ಬಿತ್ತೇನು?” ಅಜ್ಜ ಕೇಳಿದ.

“ಅಜ್ಜಾ, ಇದು ಟಗರೂ ಅಲ್ಲ, ಹೆಣ್ಣೂ ಅಲ್ಲ. ಎಲ್ಡೂ ಇದ್ದಂಗ ಐತಿ.”

ಅಜ್ಜ ಬಗ್ಗಿ ನೋಡಿ ನಕ್ಕ. ಚೂರಿಯನ್ನು ಧೋತರಕ್ಕೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡ. “ಬಿಡು ಅದನ್ನ. ಇಂಥಾವು ಆಗಾಗ ಹುಟ್ಟತಾವು. ಇದು ದೇವ್ರ ಪಾಲು. ಚೂರಿ ಮುಟ್ಟಿಸಬಾರ್ದು.”

“ಮತ್ತ ಗುರುತು?”

“ಮಂದ್ಯಾಗ ಎಲ್ಡೂ ಕಿವಿ ಪೂರಾ ಇರಾದು ಇದೊಂದ. ಅದಕ್ಕಿಂತ ಗುರುತು ಬೇಕೇನು?”

ನಾನು ಮರಿಯನ್ನು ಕೆಳಗೆ ಬಿಟ್ಟೆ, ಅದು ಕಿವಿ ಕೊಡವಿ ತಾಯಿಯ ಹತ್ತಿರ ಓಡಿತು. ಅವ್ವನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಅರಿಶಿಣದ ಬಟ್ಟಲನ್ನು ಅಲ್ಲಿಯೇ ಇಟ್ಟು ಎದ್ದು ಒಳಗೆ ಹೋದಳು. ಕೂತು ಕೂತು ಸುಸ್ತಾಗಿರಬೇಕು ಅಂದುಕೊಂಡೆ.

ಸುಸ್ತಲ್ಲ ಅದು. ಆ ದೀಪಾವಳಿಗೆ ಎಣ್ಣೆ ಹಚ್ಚಿ ಎರೆಯುವಾಗ ಅವ್ವನ ಕೈಗೆ ನನ್ನ ಕಿಬ್ಬೊಟ್ಟೆಯ ಎರಡೂ ಬದಿ ಗೋಲಿಯಷ್ಟು ಗಟ್ಟಿಯಾದದ್ದೇನೋ ಸಿಕ್ಕಿತ್ತು. “ನೋವಾಕತೇನು?” ಎಂದಿದ್ದಳು. ಇಲ್ಲವೆಂದಿದ್ದೆ. ಕಿವಿಗುರುತಿನ ಆ ಭಾನುವಾರದ ನಂತರ ಬೇರೆ ಮಕ್ಕಳ ಜೊತೆ ಬಾವಿಯ ಹತ್ತಿರ ಮೈ ತೊಳೆಯಲು ನನ್ನನ್ನು ಬಿಡಲೇ ಇಲ್ಲ. ಬಚ್ಚಲಿಗೆ ಗೋಣಿತಾಟಿನ ಪರದೆ ಬಂತು.

ಅವ್ವನ ತವರು ಕೂಡ್ಲಿಗಿ ಕಡೆಯದು. ಅಲ್ಲಿ ಅವಳಿಗೊಬ್ಬ ಅಣ್ಣನಿದ್ದ. ಚಿಕ್ಕವನಿದ್ದಾಗಿನಿಂದಲೂ ಅಕ್ಕಂದಿರ ಸೀರೆ ಉಡುತ್ತಿದ್ದ, ತಾನು ಹೆಣ್ಣೇ ಅನ್ನುತ್ತಿದ್ದ. ಹೊಡೆದು ನೋಡಿದರು, ಬಡಿದು ನೋಡಿದರು. ಕಡೆಗೆ, ಇದು ಹುಲಿಗೆಮ್ಮನ ಕಾಟ ಎಂದು ಕೊರಳಿಗೆ ಮುತ್ತು ಕಟ್ಟಿಸಿ, ಜೋಗಪ್ಪನನ್ನಾಗಿ ದೇವಿಗೆ ಬಿಟ್ಟರು. ವರ್ಷಗಳ ಮೇಲೆ ಒಮ್ಮೆ ಅದೇ ಮನೆಯ ಬಾಗಿಲಿಗೆ ದೇವಿಯ ಬುಟ್ಟಿ ಹೊತ್ತು ಭಿಕ್ಷೆಗೆ ಬಂದಾಗ ಹೆತ್ತತಾಯಿ ಮೊರದಲ್ಲಿ ಜೋಳ ತಂದು ಸುರಿದಳಂತೆ, ಮುಖ ಎತ್ತಿ ನೋಡಲಿಲ್ಲವಂತೆ. ಬಾಗಿಲ ಸಂದಿಯಲ್ಲಿ ನಿಂತು ಅದನ್ನು ನೋಡಿದ ಹುಡುಗಿ ನಮ್ಮವ್ವ. ದೇವರ ಪಾಲು ಎಂದ ಕೂಡಲೇ ಅವಳ ಕಣ್ಣಿಗೆ ಕಟ್ಟಿದ್ದು ಆ ಬುಟ್ಟಿ. ಇಂದು ಮರಿಗೆ ಹಾಗೆ ಅಂದ ಅಜ್ಜ ನಾಳೆ ಕೂಸಿಗೂ ಅನ್ನುತ್ತಾನೆ ಎಂದು ಅವಳು ಹೆದರಿದಳು.

ಶಿವರಾತ್ರಿ ಮುಗಿದ ಮೇಲೆ ಅಜ್ಜ, ದೊಡ್ಡಪ್ಪ ಮಂದೆ ಹೊಡೆದುಕೊಂಡು ಮಾಗಳದ ಹೊಳೆದಂಡೆಗೆ ಹೋದರು. ಪ್ರತಿ ಬೇಸಿಗೆಯೂ ಹಾಗೆಯೇ, ನೀರು ಮೇವು ಇದ್ದಲ್ಲಿಗೆ. ಕರಿ ಮರಿಯೂ ಹೋಯಿತು, ನಾನು ಅತ್ತೆ. ಅವರು ಊರ ಎಲ್ಲೆ ದಾಟಿದ ಮೂರನೇ ದಿನಕ್ಕೆ ಅವ್ವ, ಅಪ್ಪ ನನ್ನನ್ನು ಹಗರಿಬೊಮ್ಮನಹಳ್ಳಿಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು ಚೀಟಿ ಬರೆದು ದೂರದ ಪಟ್ಟಣದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ನನಗೆ ಹೇಳಿದ್ದು ಇಷ್ಟೇ: “ಹೊಟ್ಟ್ಯಾಗ ಗಡ್ಡಿ ಐತಿ, ತಗಸಬೇಕು.”

ಬಸ್ಸಿನಲ್ಲಿ ಮಂಡಕ್ಕಿ ಮಿರ್ಚಿ ಕೊಡಿಸಿದರು. ಕೇಳದೆ ಕೊಡಿಸಿದ್ದು ಅದೇ ಮೊದಲು. ನಾನು ಖುಷಿಯಿಂದ ತಿಂದೆ.

ಆಸ್ಪತ್ರೆಯಲ್ಲಿ ಬಿಳಿ ಕೋಟಿನವರು ಏಳೆಂಟು ಮಂದಿ ಮಂಚದ ಸುತ್ತ ಬಂದು ನಿಲ್ಲುತ್ತಿದ್ದರು. ನೋಡುತ್ತಿದ್ದರು, ಇಂಗ್ಲಿಷಿನಲ್ಲಿ ಏನೋ ಅನ್ನುತ್ತಿದ್ದರು, ಬರೆದುಕೊಂಡು ಹೋಗುತ್ತಿದ್ದರು. ಒಬ್ಬರೂ ನನ್ನ ಹೆಸರು ಕೇಳಲಿಲ್ಲ. ಮರಿಯನ್ನು ಮಗುಚುವಾಗ ನಾನಾದರೂ ಅದರ ಕತ್ತು ಸವರುತ್ತಿದ್ದೆ. ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಮಲಗುವುದನ್ನು ಕಲಿತದ್ದು ಅಲ್ಲಿಯೇ. ಒಂದು ಬೆಳಿಗ್ಗೆ ಅವ್ವ ನನ್ನ ಕೆನ್ನೆ ಒರೆಸಿದಾಗ ಅವಳ ಹೆಬ್ಬೆರಳಿಗೆ ನೀಲಿ ಮಸಿ ಮೆತ್ತಿತ್ತು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದಿದ್ದಳು. ಆಮೇಲೆ ನನ್ನನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಹೋದರು.

ಊರಿಗೆ ಬಂದ ಮೇಲೆ ಬೇಸಿಗೆಯೆಲ್ಲ ಕೌದಿಯ ಮೇಲೆಯೇ ಕಳೆಯಿತು. ಹುಡುಗರ ಚಿಣ್ಣಿದಾಂಡಿನ ಸದ್ದು ಕೇಳುತ್ತ ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು ಮಲಗುತ್ತಿದ್ದೆ. ದಿನಕ್ಕೊಂದು ಗುಳಿಗೆ ಕೊಟ್ಟಿದ್ದರು. ತಿಂಗಳು ತಿಂಗಳು ಬಂದು ತೋರಿಸಿ, ಗುಳಿಗೆ ಒಯ್ಯಿರಿ ಎಂದಿದ್ದರು. ಯಾಕೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಹೋದಾಗಲೆಲ್ಲ ಊರಿಗೊಂದು ಸುಳ್ಳು ಹೇಳಬೇಕಿತ್ತು. ಗಾಯ ಮಾಯಿತಲ್ಲ, ಇನ್ನೇನು ಗುಳಿಗೆ ಎಂದು ಅಪ್ಪ ನಿಲ್ಲಿಸಿಬಿಟ್ಟ.

ರೋಹಿಣಿ ಮಳೆಗೆ ಮಂದೆ ಮನೆಗೆ ಬಂತು. ಅಜ್ಜ ಕಂಬಳಿ ಕೊಡವಿ ಮೊದಲು ಕೇಳಿದ್ದು ನನ್ನನ್ನು. ನಾನು ಎದ್ದು ಓಡಲಿಲ್ಲವೆಂದೇ ಅವನಿಗೆ ಅನುಮಾನ ಬಂದಿರಬೇಕು. ಆ ಮಧ್ಯಾಹ್ನ ರೊಪ್ಪದಲ್ಲಿ ಅವ್ವ ಅಳುತ್ತ ಏನೋ ಹೇಳುತ್ತಿದ್ದಳು. ಗೋಡೆಯ ಈಚೆ ಮಲಗಿದ್ದ ನನಗೆ ಕುರಿಗಳ ಸದ್ದಿನಲ್ಲಿ ಸರಿಯಾಗಿ ಕೇಳಿಸಿದ್ದು ಅಜ್ಜನ ದನಿ ಒಂದೇ.

“ಗಂಗವ್ವಾ, ದೇವ್ರ ಪಾಲು ಅಂದ್ರ ದೇವ್ರಿಗೆ ಕೊಡ್ರಿ ಅಂತಲ್ಲವ್ವಾ. ಮನುಷ್ಯಾರು ಕೈ ಹಚ್ಚಬ್ಯಾಡ್ರಿ ಅಂತ.”

ಅಯ್ಯೋ, ಕರಿ ಮರಿಯನ್ನು ಸಂತೆಗೆ ಹೊಡೆಯುತ್ತಾರೆ ಅಂದುಕೊಂಡೆ. ಸಂಜೆ ಗೋಡೆ ಹಿಡಿದು ಹಿಡಿದು ಹೋಗಿ ಅದರ ಕೊರಳು ತಬ್ಬಿ ಕೂತೆ. ಯಾರು ಕರೆದರೂ ಏಳಲಿಲ್ಲ.

ಮರುವರ್ಷ ಕಿವಿಗುರುತಿಗೆ ನನ್ನನ್ನು ಕರೆಯಲಿಲ್ಲ. “ಹೆಣ್ಣುಮಕ್ಕಳ ಕೆಲಸ ಅಲ್ಲ ಅದು,” ಎಂದಳು ಅವ್ವ. ಚಿಣ್ಣಿದಾಂಡೂ ಬಂದ್. ಜಡೆ ಉದ್ದ ಬಿಡಿಸಿದಳು, ಕೈತುಂಬ ಬಳೆ ಇಡಿಸಿದಳು. ಬಳೆ ತೆಗೆದಿಟ್ಟರೆ ಹುಚ್ಚಿಯಂತೆ ಮೈಮೇಲೆ ಬರುತ್ತಿದ್ದಳು. ಹಣ ಸುರಿದು, ಸುಳ್ಳು ಹೇಳಿ ಪೂರ್ತಿ ಹುಡುಗಿ ಮಾಡಿಸಿಕೊಂಡು ಬಂದವಳು, ಆ ಹುಡುಗಿ ದಿನವೂ ಕಣ್ಣಿಗೆ ಕಾಣಬೇಕಿತ್ತು ಅವಳಿಗೆ.

ಇಪ್ಪತ್ತನಾಲ್ಕರಲ್ಲಿ ಒಂದು ಕೊಡ ನೀರು ಎತ್ತುವಾಗ ನನ್ನ ಮುಂಗೈ ಎಲುಬು ಲಟ್ಟೆಂದು ಮುರಿಯಿತು. ಹರಪನಹಳ್ಳಿಯ ಡಾಕ್ಟರಮ್ಮ ಫೋಟೋ ಬೆಳಕಿಗೆ ಹಿಡಿದು, “ಎಲುಬು ಅಜ್ಜಿಯರ ಎಲುಬಿನಂಗೆ ಆಗಿದಾವಲ್ಲಮ್ಮ. ಚಿಕ್ಕವರಿದ್ದಾಗ ಏನಾದ್ರೂ ಆಪರೇಷನ್ ಆಗಿತ್ತಾ?” ಎಂದರು. ಗಡ್ಡೆ ಎಂದೆ. ಎರಡು ಬದಿ ಹೊಲಿಗೆಯ ಗುರುತನ್ನು ಬೆರಳಿನಿಂದ ಒತ್ತಿ ನೋಡಿದರು. “ನಿಮ್ಮ ತಾಯಿಯನ್ನ ಒಂದು ಮಾತು ಕೇಳ್ರಿ,” ಎಂದರು.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಎಲ್ಲ ಹೇಳಿದಳು. ತೆಗೆದದ್ದು ಗಡ್ಡೆಯಲ್ಲ, ಗಂಡಸರಿಗೆ ಇರುವಂಥ ಗ್ರಂಥಿಗಳು. ನನಗೆ ಗರ್ಭಕೋಶ ಹುಟ್ಟಾ ಇರಲಿಲ್ಲ, ನಾನು ಮೈನೆರೆಯದೆ ಉಳಿದದ್ದು ಗಡ್ಡೆಯ ದೆಸೆಯಿಂದಲ್ಲ, ಅದಕ್ಕೇ. ಆ ಗ್ರಂಥಿಗಳು ಇದ್ದಲ್ಲಿಯೇ ಇದ್ದಿದ್ದರೆ ನನ್ನ ಎಲುಬಿಗೆ ಬೇಕಾದ ರಸ ಮೈಯೇ ಮಾಡಿಕೊಳ್ಳುತ್ತಿತ್ತು, ತೆಗೆದ ಮೇಲೆ ಅದರ ಬದಲಿಗೇ ಆ ಗುಳಿಗೆ ಎಂದು ಡಾಕ್ಟರಮ್ಮ ಆಮೇಲೆ ತಿಳಿಸಿ ಹೇಳಿದರು. ಆಸ್ಪತ್ರೆಯಲ್ಲಿ ಅವ್ವ ಕೇಳಿದ್ದು ಒಂದೇ ಮಾತಂತೆ: “ಇದನ್ನ ತಗದ್ರ ಮುತ್ತು ಕಟ್ಟಾದು ತಪ್ಪತೈತೇನ್ರಿ?” ಡಾಕ್ಟರಿಗೆ ಮುತ್ತು ಏನೆಂದು ತಿಳಿಯಲಿಲ್ಲ. “ಪೂರ್ತಿ ಹುಡುಗಿ ಆಗ್ತಾಳೆ ಬಿಡಿ. ಯಾರಿಗೂ ಹೇಳಬೇಡಿ, ಮಗುವಿಗಂತೂ ಬೇಡವೇ ಬೇಡ,” ಎಂದರಂತೆ.

ಅಂದು ರೊಪ್ಪದಲ್ಲಿ ಅಜ್ಜ ಅಂದ ಮಾತಿನ ಉಳಿದರ್ಧವನ್ನೂ ಅವ್ವನೇ ಹೇಳಿದಳು. “ಕೂಸಿಗೆ ಕೇಳಿದ್ರೇನು?” ಎಂದಿದ್ದನಂತೆ. ಹತ್ತು ವರ್ಷದ ಕೂಸಿಗೆ ಏನು ಕೇಳುವುದು ಎಂದು ಇವಳು ಅಂದಾಗ, “ಮರಿ ಮಗುಚಿ ಮೊದ್ಲು ಕಂಡು ಹೇಳಿದ್ದು ಯಾರವ್ವಾ?” ಎಂದನಂತೆ.

ತಾಟು ಎತ್ತಿ ಗೋಡೆಗೆ ಬೀಸಿದೆ. “ನನ್ನ ಮೈ ನಿನಗ ಮಂದ್ಯಾಗಿನ ಕುರಿ ಆತೇನು?” ಎಂದು ಕಿರುಚಿದೆ. ಮೂರು ತಿಂಗಳು ಅವಳ ಜೊತೆ ಮಾತಾಡಲಿಲ್ಲ. ಆಸ್ಪತ್ರೆಗೆ ಹೋಗಿ ಕಾಗದ ಕೇಳಿದರೆ, ಅಷ್ಟು ಹಳೆಯದು ಇಡುವುದಿಲ್ಲ ಎಂದು ಕಿಟಕಿ ಹಾಕಿಕೊಂಡರು.

ಈಗ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟುಕೊಂಡಿದ್ದೇನೆ. ಗಂಡು, ಹೆಣ್ಣು, ಇತರೆ ಎಂಬ ಕಾಲಮ್ಮಿಗೆ ದಿನವೂ ಊರ ಮಂದಿಯನ್ನೆಲ್ಲ ಹಾಕುತ್ತೇನೆ, ನೋಡಿ ಹಣೆಬರಹ! ಫೋನಿನಲ್ಲಿ ನನ್ನಂಥ ಮೈಯವರು ಸಿಕ್ಕರು. ಅಂತರ್‌ಲಿಂಗಿ ಎಂಬ ಮಾತು ಕಲಿತೆ. ಗಂಡು ಹೆಣ್ಣು ಎರಡೂ ನಾನಲ್ಲ ಅನ್ನುವವರಿಗೆ ನಾನ್‌ಬೈನರಿ ಅನ್ನುತ್ತಾರೆಂದೂ ಕಲಿತೆ. ಎರಡೂ ಒಂದೇ ಅಂದುಕೊಂಡು ನನ್ನಂಥ ಮೈಯ ಗೆಳತಿಯೊಬ್ಬಳಿಗೆ “ನಾವು ನಡುವಿನವರು” ಎಂದೆ. “ನೀನು ಬೇಕಾದ್ರ ನಡುವ ಇರು, ನಾನು ಹೆಂಗಸು. ನನ್ನ ಮೈ ನೋಡಿ ನನ್ನ ಲೆಕ್ಕ ನೀ ಹಾಕಬ್ಯಾಡ,” ಎಂದು ಉಗಿದಳು. ಸರಿಯಾಗಿಯೇ ಉಗಿದಳು. ಮೈ ಹುಟ್ಟಿದ ರೀತಿ ಒಂದು, ನಾನು ಯಾರೆಂದು ನಾನು ಅನ್ನುವುದು ಇನ್ನೊಂದು. ಜೋಗಪ್ಪನಾದ ನಮ್ಮ ಮಾವನ ಮೈ ಎಲ್ಲ ಗಂಡಸರಂತೆಯೇ ಇತ್ತು, ಆದರೂ ಹೆಣ್ಣು ಎಂದ. ಅವನ ಬುಟ್ಟಿಯನ್ನೂ ನನ್ನ ಮೈಯನ್ನೂ ಅವ್ವ ಒಂದೇ ಗಂಟಿಗೆ ಕಟ್ಟಿದಳು. ನಾನೋ, ಹೆಣ್ಣೂ ಅನ್ನಲಾರೆ, ಗಂಡೂ ಅನ್ನಲಾರೆ. ಅದು ನನ್ನ ಮೈ ಹೇಳಿಸಿದ್ದಲ್ಲ, ಹರಳು ಚಿಣ್ಣಿ ಎರಡನ್ನೂ ಆಡುತ್ತಿದ್ದಾಗಲೇ ಹಾಗೇ ಇದ್ದೆ. ಚೂರಿ ಹಾಕಿ ಮೈ ಬದಲಿಸಿದರು, ಇದನ್ನು ಬದಲಿಸಲಾಗಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಅವ್ವನ ಜೊತೆ ಈಗ ಮಾತಿದೆ. ಗುಳಿಗೆ ನುಂಗಿದೆಯಾ ಎಂದು ದಿನವೂ ಫೋನು ಮಾಡುತ್ತಾಳೆ. ಅವಳ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಕುರಿಗಳನ್ನು ಮಾರಿಯಾಯಿತು. ರೊಪ್ಪದ ಜಾಗದಲ್ಲಿ ದೊಡ್ಡಪ್ಪನ ಮಗ ಟ್ರ್ಯಾಕ್ಟರ್ ನಿಲ್ಲಿಸುತ್ತಾನೆ, ಡೀಸೆಲ್ ವಾಸನೆ. ಗಿಣ್ಣ ಈಗ ಅಂಗಡಿಯಲ್ಲಿ ಪುಡಿಯಾಗಿ ಸಿಗುತ್ತದೆ. ನನ್ನಿಂದ ತೆಗೆದದ್ದು ಏನಾಯಿತು, ಎಲ್ಲಿ ಎಸೆದರು, ಅದನ್ನು ಮಾತ್ರ ನಾನು ಯಾವತ್ತೂ ನೋಡಲಿಲ್ಲ.

ಆ ಕರಿ ಕುರಿ ಹನ್ನೊಂದು ವರ್ಷ ಬದುಕಿತು. ಸತ್ತಾಗ ನನಗೆ ಇಪ್ಪತ್ತೊಂದು, ಇನ್ನೂ ಗಡ್ಡೆಯ ಕಥೆಯನ್ನೇ ನಂಬಿಕೊಂಡಿದ್ದೆ. ಅಜ್ಜನಿಗೆ ಕಣ್ಣು ಮಂಜಾಗಿತ್ತು. ಅದರ ಪಕ್ಕ ಕೂತು ಎಡಗಿವಿ ಸವರಿದ, ಬಲಗಿವಿ ಸವರಿದ. “ಹೌದು, ಅದ ಐತಿ. ಎಲ್ಡೂ ಪೂರಾ ಅದಾವು,” ಎಂದ. ಆಮೇಲೆ ಅದೇ ಕೈಯನ್ನು ನನ್ನ ತಲೆಯ ಮೇಲಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಮುಂದಿನ ವರ್ಷ ಅವನೂ ಹೋದ. ಒಂದು ಕುರಿಗೆ ಇಷ್ಟು ಯಾಕೆ ಅಳುತ್ತಾನೆ ಈ ಮುದುಕ ಎಂದು ಅಂದು ನನಗೆ ನಗು ಬಂದಿತ್ತು.