ವಕಾಲತ್ತಿಲ್ಲದ ವಕೀಲರು

ಅರಸೀಕೆರೆ ಕೋರ್ಟಿನಲ್ಲಿ ನನಗೆ ಸೀನಿಯರ್ ಆಗಿದ್ದವರು ಕಕ್ಷಿದಾರ ಬಂದೊಡನೆ ಕರಿಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದರು. "ಮೊದ್ಲು ಟೀ ಕುಡೀರಿ, ಆಮೇಲೆ ಕೇಸು" ಎನ್ನುತ್ತಿದ್ದರು. ಟೀ ಮುಗಿಯುವಷ್ಟರಲ್ಲಿ ಎದುರು ಪಾರ್ಟಿಗೂ ಫೋನು ಹೋಗಿರುತ್ತಿತ್ತು. ಬಹುಪಾಲು ಜಗಳಗಳು ಅಲ್ಲೇ ರಾಜಿಯಾಗುತ್ತಿದ್ದವು; ಆಗದವನ್ನು ನನಗೆ ವಹಿಸುತ್ತಿದ್ದರು.

ಒಮ್ಮೆ ಅವರು ತಮ್ಮ ವಕೀಲಿ ಸನ್ನದಿನ ನವೀಕರಣಕ್ಕೆ ಅರ್ಜಿ ಹಾಕಬೇಕಾಯಿತು. ವಕೀಲಿ ಮಾಡುತ್ತಿರುವುದಕ್ಕೆ ಪುರಾವೆಯಾಗಿ, ಈಚೆಗೆ ಕೋರ್ಟಿಗೆ ಸಲ್ಲಿಸಿದ ವಕಾಲತ್ತಿನ ಪ್ರತಿ ಕೊಡಬೇಕಿತ್ತು. ಅವರ ಬಳಿ ಒಂದೂ ಇರಲಿಲ್ಲ.

"ನನ್ನ ಕೇಸಲ್ಲಿ ನಿಮ್ಮ ಹೆಸರೂ ಸೇರಿಸ್ತೀನಿ ಸಾರ್" ಎಂದೆ.

"ನಡೆಸದ ಕೇಸಿಗೆ ಹೆಸರು ಯಾಕ್ರೀ?" ಎಂದರು.

ಅರ್ಜಿಯ ಗಡುವು ಹತ್ತಿರವಾದಾಗ ಬಾಣಾವರದ ರೈತನೊಬ್ಬ, ಬದುವಿನ ತೆಂಗಿನಮರಕ್ಕಾಗಿ ತಮ್ಮನ ಮೇಲೆ ದಾವೆ ಹೂಡಲು ಬಂದ. "ಮರ ನಂದು ಕಣ್ರೀ, ಕೋರ್ಟೇ ಹೇಳ್ಲಿ" ಎಂದು ಕೂಗಾಡಿದ. ನಾನು ಹುರುಪಿನಿಂದ ಸೀನಿಯರ್ ಹೆಸರಿನಲ್ಲೇ ವಕಾಲತ್ತು ತುಂಬಿ ಅವರ ಮುಂದಿಟ್ಟೆ. ಅವರು ಅದನ್ನು ಪೂರ್ತಿ ಓದಿದರು. ಆಮೇಲೆ ಕೋಟು ಬಿಚ್ಚಿದರು.

ಮರುದಿನ ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಬಂದು, ಅದೇ ಮರದ ಎಳನೀರಿನ ಗೊನೆಯೊಂದನ್ನು ಮೇಜಿನ ಮೇಲಿಟ್ಟು ಹೋದರು.

ಸೀನಿಯರ್ ಅರ್ಧ ತುಂಬಿದ ನವೀಕರಣದ ಅರ್ಜಿಯನ್ನು ಗೊನೆಯ ಪಕ್ಕಕ್ಕೆ ಎಳೆದುಕೊಂಡರು.

"ಇದನ್ನೇ ಲಗತ್ತು ಮಾಡಿದ್ರೆ ಒಪ್ಕೋತಾರೇನ್ರೀ?"