ಪುಲ್ಲಿ ಬಿಡಿಸಿದ ಆಸ್ರಿಗೆ

ಸಿದ್ದಾಪುರದ ಹತ್ತಿರ ಒಂದು ಹೋಮ್‌ಸ್ಟೇಗೆ, ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದ ರಿಪೇರಿಗೆ ಹೋಗಿದ್ದೆ. ಬ್ಲೇಡ್ ತಿರುಗಿಸುವ ಪುಲ್ಲಿ ತುಕ್ಕು ಹಿಡಿದು ಶಾಫ್ಟಿಗೆ ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಅದನ್ನು ಕಚ್ಚಿ ಹೊರಗೆಳೆಯುವ ಪುಲ್ಲರ್ ಹಾಕಿ ಬಿಗಿದರೂ ಅಲುಗಲಿಲ್ಲ. ಒಡೆದರೆ ಹೊಸದು ಬರಲು ತಿಂಗಳು ಬೇಕೆಂದು ಗೊತ್ತಿದ್ದೂ ಸಿಟ್ಟಿನಲ್ಲಿ ಸುತ್ತಿಗೆ ಎತ್ತಿದೆ.

"ಅದು ಎಲ್ಲಿಗೂ ಓಡಿ ಹೋಗ್ತಿಲ್ಲೆ. ಮೊದಲು ಆಸ್ರಿಗೆ ಕುಡೀರಿ," ಎಂದರು ಮನೆಯ ಅಮ್ಮ, ಮುರುಗಲು ಪಾನಕದ ಲೋಟ ಹಿಡಿದು. ಬೇಡವೆಂದರೂ ಕದಲಲಿಲ್ಲ. ಗೊಣಗುತ್ತಲೇ ಜಗಲಿಯಲ್ಲಿ ಕೂತೆ.

ಎರಡನೇ ಲೋಟದ ಹೊತ್ತಿಗೆ ಅಂಗಳದಲ್ಲಿ ಠಣ್ಣೆಂದಿತು. ಅಷ್ಟರಲ್ಲಿ ಎಣ್ಣೆ ಒಳಗಿಳಿದು, ಬಿಗಿದಿಟ್ಟ ಪುಲ್ಲರ್ ತಾನೇ ಪುಲ್ಲಿಯನ್ನು ಕಿತ್ತಿತ್ತು.

"ಇನ್ನರ್ಧ ಲೋಟ ಹಾಕಲಾ?" ಎಂದರು ಅಮ್ಮ.

ಈಗ ಪುಲ್ಲಿ ಹಠ ಹಿಡಿದಲ್ಲೆಲ್ಲ ಪುಲ್ಲರ್ ಬಿಗಿದಿಟ್ಟು ನಾನೇ ಆಸ್ರಿಗೆ ಕೇಳುತ್ತೇನೆ. ಆ ಅಮ್ಮನನ್ನು ನೆನೆದು ನಿಧಾನಕ್ಕೆ ಕುಡಿಯುತ್ತೇನೆ. ಯಂತ್ರದ ಯಜಮಾನರು ಮಾತ್ರ ಗಡಿಯಾರ ನೋಡುತ್ತಾರೆ.