ಲೈಸೆನ್ಸಣ್ಣನ ಓದು

ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಸಿದ್ಧಪಡಿಸಿ ಹಂಚುವ ತಂಡದಲ್ಲಿ, ಬೇರೆ ಕಂಪನಿಗಳ ತಂತ್ರಾಂಶಗಳನ್ನು ಜನ ಅದರಲ್ಲಿ ಸುಲಭವಾಗಿ ಹಾಕಿಕೊಳ್ಳುವಂತೆ ಪ್ಯಾಕೇಜು ಕಟ್ಟುವ ಲೈಸೆನ್ಸಣ್ಣನಿಗೆ ಆ ಹೆಸರು ಸುಮ್ಮನೆ ಅಂಟಿದ್ದಲ್ಲ. ಲೋಕವೆಲ್ಲ ಕಣ್ಣುಮುಚ್ಚಿ ‘ಒಪ್ಪಿದೆ’ ಎಂದು ಒತ್ತುವ ಲೈಸೆನ್ಸಿನ ಷರತ್ತುಗಳನ್ನು ಅವನು ತುಟಿ ಅಲುಗಿಸುತ್ತಾ ಕೊನೆವರೆಗೆ ಓದುತ್ತಾನೆ. ಹೊಸ ಕೊಡೆಯನ್ನೂ ಅದರ ಚೀಟಿ ಓದಿಯೇ ಬಿಚ್ಚುವುದು. ಅಷ್ಟರಲ್ಲಿ ಮಳೆ ನಿಂತಿರುತ್ತದೆ. “ಬಳಸು ಅಂದಿದ್ದಾರೆ, ಹಂಚು ಅಂದಿಲ್ಲ” ಎನ್ನುವುದು ಅವನ ಪಲ್ಲವಿ. ಹಂಚಬಾರದ ತಂತ್ರಾಂಶವಾದರೆ ಅವನ ಪ್ಯಾಕೇಜಿನಲ್ಲಿ ಅದನ್ನು ಕಂಪನಿಯಿಂದಲೇ ಇಳಿಸಿಕೊಳ್ಳುವ ವಿಳಾಸವಷ್ಟೇ ಇರುತ್ತದೆ. “ಹೋಟೆಲಿಗೆ ದಾರಿ ತೋರಿಸ್ತೀಯ, ಊಟ ಹಾಕಲ್ಲ” ಎಂದು ಗೆಳೆಯರು ರೇಗಿಸಿದರೆ “ಊಟ ನಂದಲ್ಲವಲ್ಲ” ಅನ್ನುತ್ತಾನೆ. ಪುಸ್ತಕದ ಪುಟವನ್ನು ಕ್ಯಾಮೆರಾಕ್ಕೆ ತೋರಿಸಿದರೆ ಗಟ್ಟಿಯಾಗಿ ಓದುವ ತಂತ್ರಾಂಶಕ್ಕೂ ಅವನು ಹೀಗೆಯೇ ಪ್ಯಾಕೇಜು ಕಟ್ಟಿದ್ದ. ಕಣ್ಣು ಮಂಜಾದ ಅವನ ಸೋದರತ್ತೆಗೆ ಅದೇ ಆಸರೆ. ಆ ಕಂಪನಿ ಮುಚ್ಚಿತು, ವಿಳಾಸ ಸತ್ತಿತು, ಅತ್ತೆಯ ಕಂಪ್ಯೂಟರೂ ಕೆಟ್ಟಿತು. “ನಿನ್ನ ಹತ್ರ ಇದೆಯಲ್ಲೋ, ಅದನ್ನೇ ನನ್ನ ಹೊಸದಕ್ಕೆ ಹಾಕ್ಕೊಡು. ಕಥೆ ಅರ್ಧಕ್ಕೆ ನಿಂತಿದೆ” ಎಂದಳು ಅತ್ತೆ. ಷರತ್ತಿನ ಪ್ರಕಾರ ಅವನ ಪ್ರತಿ ಅವನ ಯಂತ್ರಕ್ಕೆ ಮಾತ್ರ. “ಕೇಳ್ತೀನಿ ಅತ್ತೆ, ಒಪ್ಪಿಗೆ ಬರ್ಲಿ” ಎಂದು ಕಂಪನಿಯ ಹಳಬರಿಗೆಲ್ಲ ಮೇಲ್ ಬರೆದ. ಒಪ್ಪಿಗೆ ಬಂದಾಗ ಅತ್ತೆ ಇರಲಿಲ್ಲ. ಈಗ ಷರತ್ತು ಓದುತ್ತಿರುವಾಗ ಒಮ್ಮೊಮ್ಮೆ ಅವನ ತುಟಿ ನಿಂತುಬಿಡುತ್ತದೆ. ಕಾಯುತ್ತಿದ್ದ ಆ ದಿನಗಳಲ್ಲಿ ಸಂಜೆ ಸಂಜೆ ಅತ್ತೆಯ ಪಕ್ಕ ಕೂತು, ತಾನು ಬರೆದ ಮೇಲ್‌ಗಳನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಕಥೆಪುಸ್ತಕ ಅವಳ ತೊಡೆಯ ಮೇಲೇ ಇತ್ತು, ಅದನ್ನು ಓದಿ ಹೇಳುವುದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ.